ಮುಗಿಯದ ಊಟದ ಊರು

ಹೊಳೆಯ ಈಚೆ ದಡದಲ್ಲಿ ಇನ್ನಾಸಪ್ಪನ ಊರು. ಆಚೆ ದಡದಲ್ಲಿ ಶಿಲುಬೆ ಬೆಟ್ಟ. ಪ್ರತಿ ವರ್ಷ ನಲವತ್ತು ದಿನದ ಉಪವಾಸದ ತಪಸ್ಸು ಕಾಲದ ಕೊನೆಗೆ, ಸ್ವಾಮಿ ಶಿಲುಬೆಗೇರಿದ ಶುಭ ಶುಕ್ರವಾರದ ದಿನ, ಅವನು ಹರಿಗೋಲಿನಲ್ಲಿ ಹೊಳೆ ದಾಟಿ ಬೆಟ್ಟ ಹತ್ತಿ ಶಿಲುಬೆಯ ಬುಡದಲ್ಲಿ ಹಣೆಯಿಟ್ಟು ಬರುತ್ತಿದ್ದ. ಅವನು ಸುಣ್ಣ ಬಳಿಯುವವನು. ಮೈಯಲ್ಲಿ ಮೂಳೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ತಪಸ್ಸು ಕಾಲದಲ್ಲಂತೂ ಹೊತ್ತು ಮುಳುಗಿದ ಮೇಲೆ ಒಂದು ಬಟ್ಟಲು ಗಂಜಿ, ಅಷ್ಟೇ. ಊರಿನ ಹೆಂಗಸರು ಅವನನ್ನು ಮಕ್ಕಳಿಗೆ ತೋರಿಸಿ, “ನೋಡ್ರೋ, ಇನ್ನಾಸಪ್ಪನ ಉಪವಾಸ ಅಂದ್ರೆ ಉಪವಾಸ” ಅನ್ನುತ್ತಿದ್ದರು. ಅವನು ತಲೆ ತಗ್ಗಿಸಿ ನಡೆಯುತ್ತಿದ್ದ. ಆದರೆ ಆ ಮಾತು ಅವನಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಆ ವರ್ಷ ಕಾಲವಲ್ಲದ ಕಾಲದಲ್ಲಿ ಹೊಳೆ ಉಕ್ಕಿತು. ಅಂಬಿಗ ಹರಿಗೋಲನ್ನು ದಡದ ಮೇಲೆ ಬೋರಲು ಹಾಕಿ ಕೂತಿದ್ದ.

“ಹೋಗಲೇಬೇಕು ಅಂದ್ರೆ ಸೇತುವೆ ಇದೆ,” ಅಂದ ಅಂಬಿಗ. “ಆದರೆ ಅದು ಮುಗಿಯದ ಊಟದ ಊರಿನ ಒಳಗಿಂದ.”

“ಆ ಊರಿನವರು ಕೆಟ್ಟವರಾ?”

“ಕೆಟ್ಟವರಲ್ಲ. ಹೊಡೆಯಲ್ಲ, ಕದಿಯಲ್ಲ. ಬರೀ ಕೊಡ್ತಾರೆ.” ಅಂಬಿಗ ನೀರಿನ ಕಡೆ ನೋಡಿದ. “ಅಲ್ಲಿಗೆ ಹೋದವರು ದಪ್ಪ ಆಗಿ ಬಂದದ್ದನ್ನು ನಾನು ಕಂಡಿಲ್ಲ. ಬಂದದ್ದನ್ನೇ ಕಂಡಿಲ್ಲ.”

ಇನ್ನಾಸಪ್ಪ ಹೆದರಲಿಲ್ಲ. ತಿನ್ನುವವರ ಊರು ಉಪವಾಸದವನನ್ನು ಏನು ಮಾಡೀತು ಅಂದುಕೊಂಡು ನಡೆದ.

ಆ ಊರಿನ ಹೆಬ್ಬಾಗಿಲಿಗೆ ಕದವಿರಲಿಲ್ಲ. ಒಳಗಿನ ಮನೆಗಳಿಗೂ ಕದವಿರಲಿಲ್ಲ. ನಡುಹಗಲಿನಲ್ಲಿ ಬೀದಿಯುದ್ದಕ್ಕೂ ದೀಪ ಉರಿಯುತ್ತಿತ್ತು. ಉರಿಯುವ ದೀಪದ ಪಕ್ಕ ಇನ್ನೊಂದು ದೀಪ, ಅದರ ಪಕ್ಕ ಮತ್ತೊಂದು. ಚರಂಡಿಯಲ್ಲಿ ಹಾಲು ಹರಿದು ಹುಳಿಯಾಗಿ ವಾಸನೆ ಹಿಡಿದಿತ್ತು. ಮೆಟ್ಟಿಲುಗಳ ಮೇಲೆ ತುಪ್ಪ ಹೆಪ್ಪುಗಟ್ಟಿ ಕಾಲು ಜಾರುತ್ತಿತ್ತು. ಹೆಬ್ಬಾಗಿಲ ಹತ್ತಿರ ಕಾವಲಿನ ಹೆಂಗಸು ಕೂತಿದ್ದಳು. ಅವಳು ಸೀರೆಯ ಮೇಲೆ ಸೀರೆ, ಅದರ ಮೇಲೆ ಸೀರೆ ಉಟ್ಟು ಬಣವೆಯ ಹಾಗೆ ಕಾಣುತ್ತಿದ್ದಳು. ಕೊರಳಿನ ಹಾರಗಳ ಭಾರಕ್ಕೆ ತಲೆ ಬಾಗಿತ್ತು. ಮುಖ ಎತ್ತಲಾರದೆ ನೆಲ ನೋಡುತ್ತಲೇ ಮಾತಾಡಿದಳು.

“ಬಾ ಅತಿಥಿ. ಈ ಊರಲ್ಲಿ ಏನು ಬೇಕಾದರೂ ಮಾಡು, ಏನು ಬೇಕಾದರೂ ಆಡು. ಒಂದು ಮಾತು ಮಾತ್ರ ಆಡುವ ಹಾಗಿಲ್ಲ.”

“ಯಾವ ಮಾತು?”

“ಅದನ್ನೂ ನಾನು ಆಡುವ ಹಾಗಿಲ್ಲ. ಎಲೆಯ ಮುಂದೆ ಕೂತವನು, ಹೊಟ್ಟೆ ತುಂಬಿದ ಮೇಲೆ, ಬಡಿಸುವವನಿಗೆ ಏನನ್ನುತ್ತಾನೆ? ಅದು.”

ಇನ್ನಾಸಪ್ಪನ ನಾಲಗೆಯ ತುದಿಗೆ ‘ಸಾಕು’ ಬಂತು. ಅವಳು ಗಾಬರಿಯಿಂದ ಕೈಯೆತ್ತಿದಳು. “ಅನ್ನಬೇಡ! ಯಾವ ಮನೆಯಲ್ಲಿ ಆ ಮಾತು ಬೀಳುತ್ತದೋ ಆ ಮನೆಗೆ ಮತ್ತೆ ಯಾರೂ ಬಡಿಸಲ್ಲ. ಅನ್ನ ಇಲ್ಲ, ನೀರು ಇಲ್ಲ, ಕೆಂಡ ಇಲ್ಲ, ಮಾತೂ ಇಲ್ಲ. ಆ ಮನೆಯವರು ಎದುರಿಗೆ ನಿಂತರೂ ನಮ್ಮ ಕಣ್ಣಿಗೆ ಬೀಳಲ್ಲ. ನಾವು ಮಕ್ಕಳನ್ನು ಬೆಳೆಸುವುದಕ್ಕೂ ಆ ಪದ ಬಳಸಲ್ಲ ಅತಿಥಿ. ನಿಮ್ಮ ಊರಲ್ಲಿ ಮಕ್ಕಳನ್ನು ಸಾ... ಅದೇ, ಅದನ್ನು ಮಾಡ್ತೀರಿ. ನಾವು ತುಂಬುತ್ತೇವೆ.”

“ನಾನು ಬರೀ ಸೇತುವೆ ದಾಟಬೇಕು,” ಅಂದ ಇನ್ನಾಸಪ್ಪ.

“ಒಂದು ಮನೆಯಲ್ಲಿ ಉಂಡವನಿಗೆ ಮಾತ್ರ ಸೇತುವೆ. ಉಣಿಸಿದವನು ಕೈಹಿಡಿದು ದಾಟಿಸುತ್ತಾನೆ. ಹೋಗು.”

ಅವನನ್ನು ಕರೆದುಕೊಂಡು ಹೋದ ಮನೆಯೊಡೆಯ ಎತ್ತರದ ಆಳು, ಅಗಲ ಮುಖ, ಮೆಲುಮಾತು. ಮನೆಯ ಮುಂದೆ ಇನ್ನಾಸಪ್ಪನನ್ನು ಕಲ್ಲಿನ ಮೇಲೆ ಕೂರಿಸಿ, ಮಂಡಿಯೂರಿ, ಅವನ ಧೂಳುಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ತೊಳೆದ. ನೀರಿನಿಂದಲ್ಲ, ಹಾಲಿನಿಂದ. ಒಂದು ಬಿಂದಿಗೆ ಸುರಿದ, ಇನ್ನೊಂದು ಸುರಿದ, ಮತ್ತೊಂದು ತರಿಸಿದ. ಸುಣ್ಣ ತಿಂದು ಸೀಳುಬಿಟ್ಟಿದ್ದ ಹಿಮ್ಮಡಿಗಳನ್ನು ಬೆರಳಿನಿಂದ ನಯವಾಗಿ ಒರೆಸಿ, “ಬಹಳ ನಡೆದಿದ್ದೀಯ,” ಅಂದ. ಇನ್ನಾಸಪ್ಪನಿಗೆ ಯಾರೂ ಕಾಲು ತೊಳೆದಿರಲಿಲ್ಲ. ಪವಿತ್ರ ವಾರದಲ್ಲಿ ಚರ್ಚಿನ ಗುರುಗಳು ಹಿರಿಯರ ಕಾಲು ತೊಳೆಯುವಾಗ ಅವನು ಹಿಂದೆ ನಿಂತು ನೋಡಿದವನು. ಅವನ ಕಣ್ಣು ಒದ್ದೆಯಾಯಿತು. ಆ ಹಾಲು ಚರಂಡಿಗೆ ಹೋಗಿ ಸೇರುವುದನ್ನೂ ಅವನು ನೋಡಿದ. ಎರಡೂ ಒಟ್ಟಿಗೆ ಅವನ ಮನಸ್ಸಿನಲ್ಲಿ ಹಿಡಿಯಲಿಲ್ಲ.

ಸಂಜೆಗೆ ಕೊಂಬು ಊದಿತು. ಬಡಿಸುವವರು ಸಾಲಾಗಿ ಬಂದರು. ಅವರು ಬೀದಿಯಲ್ಲಿ ನಡೆಯುತ್ತ, “ಇನ್ನೂ ಇದೆ, ಇನ್ನೂ ಇದೆ,” ಎಂದು ಒಂದೇ ರಾಗದಲ್ಲಿ ಹೇಳುತ್ತ ಮನೆಯಿಂದ ಮನೆಗೆ ಹೊಕ್ಕು ಹೊರಬರುತ್ತಿದ್ದರು. ಎಲೆ ಹಾಕಿದರು. ಅನ್ನ ಬಂತು, ಅದರ ಮೇಲೆ ಹೋಳಿಗೆ, ಅದರ ಮೇಲೆ ಮಾಂಸ, ಅದರ ಮೇಲೆ ಪಾಯಸ. ಇನ್ನಾಸಪ್ಪ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ, ನಮ್ಮ ಕಡೆ ಎಲ್ಲರೂ ಹಿಡಿಯುವ ಹಾಗೆ. ಬಡಿಸುವವರು ನಕ್ಕು ಅವನ ಕೈಯ ಮೇಲೆಯೇ ಬಡಿಸಿದರು. ತುಪ್ಪ ಮೊಣಕೈವರೆಗೆ ಹರಿಯಿತು.

ಮರ್ಯಾದೆಗೆ ಒಂದು ತುತ್ತು ತಿಂದ. ಮರ್ಯಾದೆಗೆ ಇನ್ನೊಂದು. ಆಮೇಲೆ ಯಾವಾಗಲೋ ಅದು ಮರ್ಯಾದೆಗೆ ಅಲ್ಲ ಅನ್ನುವುದು ಅವನ ಕೈಗೆ ಗೊತ್ತಾಯಿತು, ತಲೆಗೆ ಗೊತ್ತಾಗುವ ಮುಂಚೆ. ಕೈ ಎಲೆಗೆ ಹೋಗಿ ಬಾಯಿಗೆ ಬಂತು, ಎಲೆಗೆ ಹೋಗಿ ಬಾಯಿಗೆ ಬಂತು. ಅವನು ಬೆರಳು ನೆಕ್ಕಿದ. ಎಷ್ಟೋ ವರ್ಷದ ಗಂಜಿಯ ಬಟ್ಟಲುಗಳೆಲ್ಲ ಅವನೊಳಗೆ ಬಾಯಿ ತೆರೆದು ಕಾಯುತ್ತಿದ್ದ ಹಾಗಿತ್ತು. ಬೆವರು ಬಿಟ್ಟು, ಉಸಿರು ಕಟ್ಟಿ, ಹಿಂದಕ್ಕೆ ಒರಗಿದಾಗ ಅವನಿಗೆ ನಾಚಿಕೆಯಾಯಿತು. ಇವರನ್ನು ಹೊರಗಿನಿಂದ ನೋಡಿ ದಾಟಿ ಹೋಗುತ್ತೇನೆ ಅಂದುಕೊಂಡಿದ್ದೆ, ನಾನೂ ಇವರವನೇ ಎಂದು ಅನ್ನಿಸಿ ಹೆದರಿಕೆಯಾಯಿತು.

ಆಗ ಪಡಸಾಲೆಯ ಮೂಲೆ ಅವನ ಕಣ್ಣಿಗೆ ಬಿತ್ತು. ಅಲ್ಲಿ ದಿಂಬುಗಳ ನಡುವೆ ಮನೆಯೊಡೆಯನ ಮಗಳು ಒರಗಿದ್ದಳು. ಆರೇಳು ವರ್ಷದ ಹುಡುಗಿ. ಕೈಕಾಲು ಊದಿ, ಹೊಟ್ಟೆಯ ಚರ್ಮ ಬಿಗಿದು ಹೊಳೆಯುತ್ತಿತ್ತು. ತುಟಿ ಬಿಗಿಯಾಗಿ ಮುಚ್ಚಿತ್ತು. ಅವಳ ತಾಯಿ, ಆ ಮನೆಯ ಒಡತಿ, ಎದುರಿಗೆ ಕೂತು, “ಇನ್ನೊಂದು ತುತ್ತು, ಚಿನ್ನ. ಇನ್ನೊಂದು ತುತ್ತು,” ಅನ್ನುತ್ತ ಬೆರಳಿನಿಂದ ತುಟಿ ಬಿಡಿಸಿ ಅನ್ನ ಇಡುತ್ತಿದ್ದಳು. ಇಟ್ಟ ಮೇಲೆ ಮಗುವಿನ ಗಂಟಲನ್ನು ಮೇಲಿನಿಂದ ಕೆಳಕ್ಕೆ ಸವರುತ್ತಿದ್ದಳು, ಅದು ನುಂಗುವವರೆಗೆ. ಮಗು ಅಳಲಿಲ್ಲ. ತಾಯಿ ಅಳುತ್ತಿದ್ದಳು. ಅಳುತ್ತ ಕಲೆಸಿದಳು, ಅಳುತ್ತ ತಿನ್ನಿಸಿದಳು.

ಬೆಳಿಗ್ಗೆ ಮನೆಯೊಡೆಯ ಹಿತ್ತಲಿಗೆ ಹೋದ ಹೊತ್ತಿನಲ್ಲಿ ಒಡತಿ ಇನ್ನಾಸಪ್ಪನ ಹತ್ತಿರ ಬಂದಳು.

“ನಿನ್ನ ಊರಲ್ಲಿ ಮಗು ಬಾಯಿ ಮುಚ್ಚಿದರೆ ತಾಯಿ ಏನು ಮಾಡ್ತಾಳೆ?”

“ಕೈ ತೊಳೆದುಕೊಳ್ತಾಳೆ.”

ಅವಳಿಗೆ ಅರ್ಥವಾಗಲಿಲ್ಲ. ತನ್ನ ಕೈಗಳನ್ನು ನೋಡಿಕೊಂಡಳು. “ಕೈ ತೊಳೆದು?”

“ಮಗು ಆಡೋಕೆ ಹೋಗತ್ತೆ. ಆಮೇಲೆ ಹಸಿದರೆ ಬರತ್ತೆ.”

“ಹಸಿದರೆ,” ಅಂದಳು ಅವಳು, ಕಥೆಯಲ್ಲಿ ಕೇಳಿದ ದೂರದ ಊರಿನ ಹೆಸರು ಹೇಳುವ ಹಾಗೆ. ಆಮೇಲೆ ದನಿ ತಗ್ಗಿಸಿದಳು. “ಇವಳಿಗಿಂತ ಮುಂಚೆ ಒಬ್ಬಳಿದ್ದಳು. ತುಂಬಿ ಹೋದಳು. ಈ ಊರಲ್ಲಿ ಸತ್ತಳು ಅನ್ನಲ್ಲ, ತುಂಬಿ ಹೋದಳು ಅಂತೀವಿ. ಇವಳೂ ಇನ್ನೆಷ್ಟು ದಿನವೋ. ನಾನು ಒಬ್ಬಳೇ ಇರುವಾಗ ಆ ಮಾತು ಆಡಿ ನೋಡಿದ್ದೀನಿ ಅತಿಥಿ. ಬಾಯಿವರೆಗೆ ಬರಲ್ಲ. ಇಲ್ಲಿ ನಿಲ್ಲತ್ತೆ,” ಎಂದು ಗಂಟಲು ಮುಟ್ಟಿಕೊಂಡಳು. “ನೀನು ಹೊರಗಿನವನು. ನಿನ್ನ ಬಾಯಿಗೆ ಅದು ಬರತ್ತೆ.”

“ನಾನು ಆಡಿದರೆ ನಿಮ್ಮ ಮನೆ?”

ಹಿತ್ತಲಿನಿಂದ ಗಂಡ ಬರುವ ಸದ್ದಾಯಿತು. ಅವಳು ಎದ್ದು ಹೋದಳು.

ಆ ದಿನ ಗುರುವಾರ. ಮಧ್ಯಾಹ್ನದ ಊಟ ಮುಗಿದರೆ (ಮುಗಿಯುವುದೆಂದರೆ ಏನೋ ಆ ಊರಲ್ಲಿ) ಮನೆಯೊಡೆಯ ಕೈಹಿಡಿದು ಸೇತುವೆ ದಾಟಿಸುತ್ತೇನೆ ಅಂದಿದ್ದ. ಇನ್ನಾಸಪ್ಪ ಸುಮ್ಮನೆ ಹೋಗಿಬಿಡಬಹುದಿತ್ತು. ನನ್ನ ಮನೆಯಲ್ಲ, ನನ್ನ ಮಗುವಲ್ಲ, ನಾನು ಬೆಟ್ಟಕ್ಕೆ ಹೊರಟವನು ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಮನಸ್ಸು ನಿಲ್ಲದೆ ಕೇಳಿದ: “ಈ ಊರಲ್ಲಿ ಚರ್ಚು ಇದೆಯಾ?”

“ಇಲ್ಲದೆ ಏನು? ದೊಡ್ಡದೇ ಇದೆ,” ಎಂದು ಮನೆಯೊಡೆಯ ಸಂತೋಷದಿಂದ ಕರೆದೊಯ್ದ.

ಚರ್ಚಿನ ಒಳಗೆ ಮೇಣದ ಬತ್ತಿಗಳು ಎಷ್ಟು ಉರಿಯುತ್ತಿದ್ದವೆಂದರೆ ಕರಗಿದ ಮೇಣ ನೆಲದ ಮೇಲೆ ಹರಿದು ಪಾದ ಅಂಟುತ್ತಿತ್ತು. ಭಕ್ತರು ಎಲ್ಲರೂ ಒಟ್ಟಿಗೆ ಹಾಡುತ್ತಿದ್ದರು, ಒಂದು ಹಾಡು ಮುಗಿಯುವ ಮುಂಚೆ ಇನ್ನೊಂದು ಎತ್ತುತ್ತಿದ್ದರು. ಯಾವ ಮಾತೂ ಕೇಳಿಸುತ್ತಿರಲಿಲ್ಲ. ಪೀಠದ ಮೇಲೆ ಶಿಲುಬೆ ಇರಬೇಕಾದ ಕಡೆ ಹೂವಿನ ಗುಡ್ಡವೊಂದಿತ್ತು. ಹಾರದ ಮೇಲೆ ಹಾರ, ಒಣಗಿದ ಹಾರದ ಮೇಲೆ ಹಸಿ ಹಾರ. ಇನ್ನಾಸಪ್ಪ ಹತ್ತಿರ ಹೋಗಿ ಎರಡು ಹಾರಗಳನ್ನು ಮೆಲ್ಲಗೆ ಸರಿಸಿದ. ಕಾವಲಿದ್ದ ಮುದುಕ ಅವನ ರಟ್ಟೆ ಹಿಡಿದ.

“ಏನು ಹುಡುಕ್ತಾ ಇದ್ದೀಯ?”

“ಸ್ವಾಮಿಯ ಮುಖ ನೋಡಬೇಕಿತ್ತು.”

“ಇಲ್ಲಿ ಹಾಕಬಹುದು, ತೆಗೆಯುವ ಹಾಗಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿಲ್ಲ, ನಿನಗೇನು ಅವಸರ?”

ಮುದುಕ ಅತ್ತ ತಿರುಗಿದಾಗ ಇನ್ನಾಸಪ್ಪ ಹೂವಿನೊಳಕ್ಕೆ ಕೈ ತೂರಿಸಿದ. ಕೊಳೆತ ಹೂವು ಬೆಚ್ಚಗಿತ್ತು, ಲೋಳೆಯಾಗಿತ್ತು. ಮೊಣಕೈವರೆಗೆ, ತೋಳಿನವರೆಗೆ ಕೈ ಹೋಯಿತು. ಕೊನೆಗೆ ಬೆರಳಿಗೆ ಮರದ ಪಾದವೊಂದು ಸಿಕ್ಕಿತು. ಒಂದರ ಮೇಲೊಂದು ಇಟ್ಟ ಎರಡು ಸಣಕಲು ಪಾದ. ನಡುವೆ ಮೊಳೆಯ ತಲೆ, ತಣ್ಣಗೆ. ಅದನ್ನು ಹಿಡಿದುಕೊಂಡು ಅವನು ಎಷ್ಟೋ ಹೊತ್ತು ನಿಂತ.

ಅವನಿಗೆ ಹುಲ್ಲುಗಾವಲಿನಲ್ಲಿ ಕೂತ ಆ ಜನಸಾಗರ ನೆನಪಾಯಿತು. ಸ್ವಾಮಿ ಮುರಿದು ಹಂಚಿದ್ದು ಕೆಲವೇ ರೊಟ್ಟಿ, ಕೂತವರು ಸಾವಿರಾರು ಜನ, ಎಲ್ಲರೂ ತೃಪ್ತಿಯಾಗಿ ಉಂಡರು, ಉಳಿಯಿತು. ಚಿಕ್ಕಂದಿನಿಂದ ಕೇಳಿದ ಕಥೆ. ರೊಟ್ಟಿ ಹೆಚ್ಚಿತು ಅನ್ನುವುದನ್ನೇ ಅವನು ಇಷ್ಟು ದಿನ ಅಚ್ಚರಿಯಿಂದ ಕೇಳಿದ್ದ. ಇವತ್ತು ಬೇರೆಯದೊಂದು ತೋರಿತು. ಆ ಜನರಲ್ಲಿ ಯಾರೋ ಒಬ್ಬರು ಮೊದಲು ಕೈ ಅಡ್ಡ ಹಿಡಿದಿರಬೇಕು. ಇಲ್ಲದಿದ್ದರೆ ಉಳಿಯುವುದು ಹೇಗೆ? ಆ ಒಬ್ಬರು ಯಾರು? ಅವರಿಗೆ ಭಯವಾಗಲಿಲ್ಲವೇ?

ಮಧ್ಯಾಹ್ನದ ಕೊಂಬು ಊದಿತು. ಬಡಿಸುವವರು ಬಂದರು. “ಇನ್ನೂ ಇದೆ, ಇನ್ನೂ ಇದೆ.” ಮನೆಯೊಡೆಯ ಅತಿಥಿಯ ಪಕ್ಕ ಕೂತು ಒಳ್ಳೊಳ್ಳೆಯದನ್ನು ಆರಿಸಿ ಅವನ ಎಲೆಗೆ ಹಾಕಿಸಿದ. ಮೂಲೆಯಲ್ಲಿ ಮಗುವಿನ ಬಾಯಿಂದ ಅನ್ನ ಹೊರಗೆ ಬರುತ್ತಿತ್ತು, ತಾಯಿ ಅದನ್ನು ಒಳಗೆ ತಳ್ಳುತ್ತಿದ್ದಳು. ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ತಾಯಿ ಗಂಟಲು ಸವರಿದಳು. ಅದು ನುಂಗಲಿಲ್ಲ. ಮತ್ತೆ ಸವರಿದಳು. ತುಟಿಯ ಸುತ್ತ ನೀಲಿಯಾಯಿತು. ತಾಯಿಯ ಇನ್ನೊಂದು ಕೈ ಮುಂದಿನ ತುತ್ತು ಹಿಡಿದು ಮೇಲೆದ್ದಿತ್ತು. ಆ ಕೈ ನಿಲ್ಲಿಸುವುದಕ್ಕೆ ಅವಳಿಗೇ ಬರುತ್ತಿರಲಿಲ್ಲ. ಅವಳು ಇನ್ನಾಸಪ್ಪನ ಕಡೆ ನೋಡಿದಳು.

“ಸಾಕು,” ಅಂದ ಇನ್ನಾಸಪ್ಪ.

ದೊಡ್ಡ ದನಿಯಲ್ಲಿ ಅಂದಿರಲಿಲ್ಲ. ಆದರೂ ಸೌಟುಗಳು ಗಾಳಿಯಲ್ಲೇ ನಿಂತವು. ಬೀದಿಯ ಹಾಡು ನಿಂತಿತು. ಪಕ್ಕದ ಮನೆಗಳಲ್ಲಿ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ತಾಯಿಯ ಕೈಯಿಂದ ತುತ್ತು ನೆಲಕ್ಕೆ ಬಿತ್ತು. ಅವಳು ಮಗುವನ್ನು ಬೋರಲು ಮಾಡಿ ಬೆನ್ನು ತಟ್ಟಿದಳು. ಮಗು ಕಕ್ಕಿತು, ಕಕ್ಕಿತು, ಆಮೇಲೆ ಕಿರುಚಿತು. ಆ ಕಿರುಚಾಟ ಬಿಟ್ಟರೆ ಊರಲ್ಲಿ ಬೇರೆ ಸದ್ದಿರಲಿಲ್ಲ.

ಬಡಿಸುವವರು ಯಾರನ್ನೂ ಬೈಯಲಿಲ್ಲ. ಎಲೆ ಎತ್ತಿದರು. ಕೊಪ್ಪರಿಗೆ ಎತ್ತಿದರು. ಹಂಡೆ, ತಪ್ಪಲೆ, ಮಡಕೆ, ಕೊನೆಗೆ ಒಲೆಯ ಕೆಂಡವನ್ನೂ ಮೊರದಲ್ಲಿ ತುಂಬಿಕೊಂಡರು. ಒಂದು ಖಾಲಿ ಬಟ್ಟಲನ್ನು ಮಾತ್ರ ಬಿಟ್ಟು, ಆ ಮನೆ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಹೊರಗೆ ಹೋಗಿ, ಪಕ್ಕದ ಮನೆಯನ್ನು ಹೊಕ್ಕು, “ಇನ್ನೂ ಇದೆ, ಇನ್ನೂ ಇದೆ,” ಅಂದರು.

ಮನೆಯೊಡೆಯ ನಡುಮನೆಯಲ್ಲಿ ನಿಂತಿದ್ದ. ಅವನು ಸಿಟ್ಟಾಗಿದ್ದರೆ ಇನ್ನಾಸಪ್ಪನಿಗೆ ಸುಲಭವಾಗುತ್ತಿತ್ತು.

“ಏನು ಮಾಡಿದೆ ಅತಿಥಿ? ನಾನು ನಿನಗೆ ಏನು ಕಡಿಮೆ ಮಾಡಿದ್ದೆ?”

“ಕಡಿಮೆ ಏನೂ ಮಾಡಲಿಲ್ಲ,” ಅಂದ ಇನ್ನಾಸಪ್ಪ.

ಒಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದಳು. “ನಡೀರಿ ಹೋಗೋಣ,” ಎಂದು ಗಂಡನನ್ನು ಕರೆದಳು.

“ಎಲ್ಲಿಗೆ? ಸಂಜೆ ಕೊಂಬು ಊದಿದರೆ ಬರ್ತಾರೆ. ನಮ್ಮ ಮನೆ ಅವರಿಗೆ ಗೊತ್ತಿಲ್ಲವಾ? ಬರ್ತಾರೆ.” ಅವನು ಖಾಲಿ ಬಟ್ಟಲನ್ನು ಎತ್ತಿಕೊಂಡು ಹೊಸ್ತಿಲ ಮೇಲೆ ಹೋಗಿ ಕೂತ.

ಅವಳು ಮತ್ತೆ ಕರೆದಳು. ಅವನು ಬೀದಿಯನ್ನೇ ನೋಡುತ್ತಿದ್ದ. ಮಗುವಿನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅವಳು ಅವನ ಪಕ್ಕದಿಂದಲೇ ದಾಟಿ ಬೀದಿಗೆ ಇಳಿದಳು. ಇನ್ನಾಸಪ್ಪ ಹಿಂದೆ ನಡೆದ. ಯಾರೂ ಅವರನ್ನು ನೋಡಲಿಲ್ಲ. ಎದುರಿಗೆ ಬಂದವರು ಗಾಳಿಯನ್ನು ದಾಟುವ ಹಾಗೆ ಮೈಗೆ ಮೈ ಉಜ್ಜಿಕೊಂಡೇ ಹೋದರು. ಸೇತುವೆಯ ಕಾವಲುಗಾರ ಅವರ ಆಚೆಗೆ ಕಣ್ಣು ನೆಟ್ಟು ನಿಂತಿದ್ದ. ಹೋಗು ಅನ್ನಲೂ ಇಲ್ಲ, ಹೋಗಬೇಡ ಅನ್ನಲೂ ಇಲ್ಲ. ಕೆಳಗೆ ಕೆಂಪು ನೀರು ಭೋರ್ಗರೆಯುತ್ತಿತ್ತು. ಅವರು ದಾಟಿದರು.

ಆಚೆ ದಡದಲ್ಲಿ ಆಡು ಕಾಯುವ ಮುದುಕಿಯ ಗುಡಿಸಲಿತ್ತು. ಅವಳು ಏನೂ ಕೇಳದೆ ಚಾಪೆ ಹಾಕಿಕೊಟ್ಟಳು. ಮಗು ಮಲಗಿತು. ಒಡತಿ ಅದರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು.

ಶುಕ್ರವಾರ ಬೆಳಿಗ್ಗೆ ಇನ್ನಾಸಪ್ಪ ಹೊರಗೆ ಮುಖ ತೊಳೆಯುತ್ತಿದ್ದಾಗ ಮಗು ಎದ್ದು ಕೂತು ಅತ್ತಿತು. ಒಡತಿ ಹೆದರಿ ಅವನನ್ನು ಕೂಗಿದಳು.

“ಏನಾಗ್ತಿದೆ, ಕೂಸೇ?” ಎಂದು ಅವನು ಕೇಳಿದ.

“ಹೊಟ್ಟೆ ಒಳಗೆ ಯಾರೋ ಇದ್ದಾರೆ,” ಅಂದಳು ಹುಡುಗಿ. “ಕರೀತಾ ಇದ್ದಾರೆ. ಏನೋ ಕೊಡು ಅಂತಾರೆ. ಅಮ್ಮಾ, ಏನಾದ್ರೂ ಕೊಡು.”

ತಾಯಿಗೆ ತಿಳಿಯಲಿಲ್ಲ. ಮುದುಕಿಗೆ ತಿಳಿಯಿತು, ಇನ್ನಾಸಪ್ಪನಿಗೂ ತಿಳಿಯಿತು. ಅವನ ಹತ್ತಿರ ಕೊಡುವುದಕ್ಕೆ ಏನೂ ಇರಲಿಲ್ಲ. ಉಪವಾಸಕ್ಕೆ ಹೊರಟವನು ಬುತ್ತಿ ಕಟ್ಟಿಕೊಂಡಿರಲಿಲ್ಲ. ಹಸಿವೆಂದರೆ ಇಷ್ಟು ದಿನ ಅವನು ಬೆಟ್ಟಕ್ಕೆ ಹೊತ್ತುಕೊಂಡು ಹೋಗುವ ಕಾಣಿಕೆಯಾಗಿತ್ತು. ಬೇಕಾದಾಗ ಇಳಿಸಬಹುದಾದ ಹೊರೆ. ಈ ಮಗುವಿನ ಹಸಿವು ಯಾರಿಗೂ ಕಾಣಿಕೆಯಲ್ಲ. ಅವನು ಮುದುಕಿಯ ಮುಂದೆ ಎರಡೂ ಕೈ ಒಡ್ಡಿದ. ಹಾಗೆ ಅವನು ಯಾರ ಮುಂದೆಯೂ ಒಡ್ಡಿದವನಲ್ಲ.

“ಅಜ್ಜಿ, ಮಗುವಿಗೆ ಏನಾದರೂ.”

ಮುದುಕಿಯ ಹತ್ತಿರ ಒಂದೇ ರಾಗಿ ರೊಟ್ಟಿ ಇತ್ತು. ಅದನ್ನು ಹಿಂದಿನ ದಿನ ಸುಟ್ಟಿದ್ದು, ಅಂಚು ಗಟ್ಟಿಯಾಗಿತ್ತು. ಮುರಿದು ಅರ್ಧ ಮಗುವಿನ ಕೈಗೆ ಕೊಟ್ಟಳು. ಒಡತಿಯ ಕೈ ತಾನಾಗಿಯೇ ಮುಂದೆ ಬಂತು, ಚೂರು ಮಾಡಿ ಬಾಯಿಗೆ ಇಡುವುದಕ್ಕೆ. ನಡುವೆಯೇ ನಿಂತಿತು. ಅವಳು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ತೊಡೆಯ ಕೆಳಗೆ ಅದುಮಿಕೊಂಡಳು. ಹುಡುಗಿ ತಾನೇ ಕಚ್ಚಿದಳು, ತಾನೇ ಅಗಿದಳು.

ಮಗು ತಿಂದಾದ ಮೇಲೆ ಒಡತಿ ಸೇತುವೆಯ ಕಡೆ ನೋಡಿದಳು. “ನಮ್ಮನೆಯವರು ಅಲ್ಲೇ ಕೂತಿರ್ತಾರೆ. ಬಡಿಸುವವರು ನಿನ್ನೆ ಸಂಜೆ ಬಂದಿರಲಿಕ್ಕಿಲ್ಲ, ಇವತ್ತು ಬರ್ತಾರೆ ಅಂತ ಕೂತಿರ್ತಾರೆ. ನಾಳೆಯೂ ಕೂತಿರ್ತಾರೆ.”

ಬೆಟ್ಟದ ಮೇಲೆ ಜನ ಹತ್ತುತ್ತಿರುವುದು ಗುಡಿಸಲಿನಿಂದ ಕಾಣುತ್ತಿತ್ತು, ಇರುವೆಯ ಸಾಲಿನ ಹಾಗೆ. ಶಿಲುಬೆ ಹಾದಿಯ ಪ್ರಾರ್ಥನೆ ಶುರುವಾಗುವ ಹೊತ್ತು. ಇನ್ನಾಸಪ್ಪ ಎಂದೂ ತಪ್ಪಿಸಿದವನಲ್ಲ. ಅವನು ಮುದುಕಿಯ ಮುಖ ನೋಡಿದ. ಮುದುಕಿ ಉಳಿದ ಅರ್ಧ ರೊಟ್ಟಿಯನ್ನು ಎಲೆಯಲ್ಲಿ ಸುತ್ತಿ ಅವನ ಕೈಗಿಟ್ಟು, “ನನಗೆ ಆಡಿನ ಹಾಲಿದೆ, ಹೋಗು,” ಅಂದಳು.

ಅವನು ಸೇತುವೆ ದಾಟಿ ಮತ್ತೆ ಆ ಊರಿಗೆ ಹೋದ. ಯಾರಿಗೂ ಅವನು ಕಾಣಲಿಲ್ಲ. ಮನೆಯೊಡೆಯ ಹೊಸ್ತಿಲ ಮೇಲೆ ಹಾಗೆಯೇ ಕೂತಿದ್ದ. ಮೊಣಕಾಲ ಮೇಲೆ ಬಟ್ಟಲು. ಒಂದು ದಿನದಲ್ಲಿ ಅವನ ಅಗಲ ಮುಖ ಜೋತುಬಿದ್ದಿತ್ತು. ಮಧ್ಯಾಹ್ನದ ಸಾಲು ಬೀದಿಯಲ್ಲಿ ಬರುತ್ತಿತ್ತು. ಸಾಲು ಹತ್ತಿರವಾದಾಗ ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಕೊಪ್ಪರಿಗೆಗಳು ಅವನ ಮೂಗಿನ ಮುಂದಿನಿಂದ ಹೋದವು. ಒಬ್ಬನ ಸೌಟಿನಿಂದ ಚೆಲ್ಲಿದ ಸಾರು ಅವನ ಕಾಲಿನ ಮೇಲೆ ಬಿತ್ತು. ಬಡಿಸುವವನು ತಿರುಗಿ ನೋಡಲಿಲ್ಲ. ಮನೆಯೊಡೆಯ ಬಟ್ಟಲನ್ನು ಮೆಲ್ಲಗೆ ಕೆಳಗಿಳಿಸಿದ.

ಇನ್ನಾಸಪ್ಪ ಅವನ ಪಕ್ಕದಲ್ಲಿ ಕೂತು ಎಲೆ ಬಿಚ್ಚಿ ರೊಟ್ಟಿ ಮುಂದಿಟ್ಟ. ಮನೆಯೊಡೆಯ ಅದನ್ನು ಬಗ್ಗಿ ನೋಡಿದ.

“ಇಷ್ಟೇನಾ?”

“ಇಷ್ಟೇ.”

ಮನೆಯೊಡೆಯನ ಗಂಟಲಿನಿಂದ ನಗುವಿನಂಥ ಸದ್ದೊಂದು ಬಂತು. ಅವನು ರೊಟ್ಟಿ ಎತ್ತಿಕೊಂಡ. ಬಾಯಿಗೆ ಇಡಲಿಲ್ಲ. ಎರಡು ತುಂಡು ಮಾಡಿದ. ಸಮನಾಗಿ ಮುರಿಯಲಿಲ್ಲ, ಒಂದು ದೊಡ್ಡದಾಯಿತು, ಒಂದು ಚಿಕ್ಕದಾಯಿತು. ದೊಡ್ಡದನ್ನು ಇನ್ನಾಸಪ್ಪನ ಅಂಗೈಯಲ್ಲಿ ಇಟ್ಟ.

“ಅತಿಥಿ ಮೊದಲು,” ಅಂದ.

ವರ್ಷದಲ್ಲೇ ಅತಿ ಕಟ್ಟುನಿಟ್ಟಾದ ಉಪವಾಸದ ದಿನ ಅದು. ಹೊತ್ತು ನೆತ್ತಿಯ ಮೇಲಿತ್ತು. ಬೆಟ್ಟದ ಮೇಲೆ ಆ ಹೊತ್ತಿಗೆ ಎಲ್ಲರೂ ಮಂಡಿಯೂರಿರುತ್ತಾರೆ. ಇನ್ನಾಸಪ್ಪ ತಿಂದ. ಆಮೇಲೆ ಮನೆಯೊಡೆಯ ತಿಂದ. ಗಟ್ಟಿ ಅಂಚನ್ನು ಇಬ್ಬರೂ ನಿಧಾನವಾಗಿ ಅಗಿದರು.

“ನನ್ನ ಮಗಳು?” ಎಂದು ಕೇಳಿದ ಮನೆಯೊಡೆಯ. ಆ ಮಾತು ಕೇಳಲು ಅವನು ಅಷ್ಟು ಹೊತ್ತು ಹೆದರಿದ್ದ.

“ಇದ್ದಾಳೆ. ಬೆಳಿಗ್ಗೆ ಅರ್ಧ ರೊಟ್ಟಿ ತಿಂದಳು.”

“ಅವಳಮ್ಮ ತಿನ್ನಿಸಿದಳಾ?”

“ಇಲ್ಲ. ಹಸಿವಾಗಿತ್ತು ಮಗುವಿಗೆ. ಅವಳೇ ಕೇಳಿದಳು.”

“ಅವಳೇ ಕೇಳಿದಳಾ?” ಮನೆಯೊಡೆಯ ಇನ್ನಾಸಪ್ಪನ ಮುಖದಲ್ಲಿ ಸುಳ್ಳು ಇದೆಯೇ ಎಂದು ಹುಡುಕಿದ. “ನನ್ನ ಮಗಳ ದನಿ ಹೇಗಿದೆ ಅಂತ ನನಗೆ ಸರಿಯಾಗಿ ಗೊತ್ತಿಲ್ಲ. ಯಾವಾಗಲೂ ಬಾಯಿ ತುಂಬಿರ್ತಿತ್ತು.” ಮುಖಕ್ಕೆ ಕೈ ಮುಚ್ಚಿಕೊಂಡ. ಹೆಗಲು ಕುಲುಕಿತು. ಆಮೇಲೆ ಬಟ್ಟಲನ್ನು ಹೊಸ್ತಿಲ ಮೇಲೆಯೇ ಬಿಟ್ಟು ಎದ್ದ. ಇನ್ನಾಸಪ್ಪ ಅವನ ಕೈಹಿಡಿದ.

ಸೇತುವೆಯವರೆಗಿನ ಬೀದಿ ಉದ್ದವಾಗಿತ್ತು. ಕದವಿಲ್ಲದ ಬಾಗಿಲುಗಳು ಒಂದರ ನಂತರ ಒಂದು ಬಂದವು. ಪ್ರತಿ ಬಾಗಿಲಿನೊಳಗಿಂದ ಹೆಂಗಸೊಬ್ಬಳ ದನಿ: “ಇನ್ನೊಂದು ತುತ್ತು, ಚಿನ್ನ. ಇನ್ನೊಂದು ತುತ್ತು.” ಮುಂದಿನ ಬಾಗಿಲು: “ಇನ್ನೊಂದು ತುತ್ತು.” ಅದರ ಮುಂದಿನದು. ಒಂದು ಮನೆಯ ಹತ್ತಿರ ಮನೆಯೊಡೆಯ ನಿಂತುಬಿಟ್ಟ.

“ಇಲ್ಲಿ ಅವಳಿ ಮಕ್ಕಳಿದ್ದಾರೆ,” ಅಂದ. “ಒಳ್ಳೆಯವರು ಇವರು. ನಮ್ಮ ಮನೆಗೆ ಎಷ್ಟು ಕೊಟ್ಟಿದ್ದಾರೆ.”

ಒಳಗೆ ಹೋಗಿ ಒಂದು ಮಾತು ಆಡಿದರೆ ಎರಡು ಮಕ್ಕಳು ಉಳಿಯಬಹುದು. ಒಲೆ ಆರಿ, ಹೊಸ್ತಿಲ ಮೇಲೆ ಇನ್ನೊಬ್ಬ ಬಟ್ಟಲು ಹಿಡಿದು ಕೂರಬಹುದು. ಮುದುಕಿಯ ಹತ್ತಿರ ಇದ್ದದ್ದು ಒಂದು ರೊಟ್ಟಿ. ಅದು ಮುಗಿದಿತ್ತು. ನಿನ್ನೆ ಆ ಮಾತು ಆಡಿದ್ದು ನಾನೋ, ನನ್ನ ಬಾಯಿಂದ ಬೇರೆ ಯಾರಾದರೂ ಆಡಿದರೋ ಎಂದು ಅವನಿಗೇ ತಿಳಿಯಲಿಲ್ಲ. ಅವನು ನಿಂತ. ಒಳಗೆ ಮಗುವೊಂದು ಕೆಮ್ಮಿತು. ಮನೆಯೊಡೆಯ ಅವನ ಹೆಗಲ ಮೇಲೆ ಭಾರ ಬಿಟ್ಟ. ಅವರು ಮುಂದೆ ನಡೆದರು.

ಗುಡಿಸಲಿನಲ್ಲಿ ತಂದೆ ಮಗಳ ಪಕ್ಕ ಕೂತ. ಮಗಳು ಮುದುಕಿಯ ಆಡುಗಳ ಬಗ್ಗೆ ಹೇಳುತ್ತಲೇ ಇದ್ದಳು. ಅವನು ಕೇಳುತ್ತಲೇ ಇದ್ದ.

ಇನ್ನಾಸಪ್ಪ ಆ ರಾತ್ರಿ ಮಲಗಲಿಲ್ಲ. ಇವತ್ತಿನ ಅನ್ನ ಇವತ್ತಿಗೆ ಕೊಡು ಎಂದು ದಿನವೂ ಬೇಡುವ ಪ್ರಾರ್ಥನೆ ಅವನ ಬಾಯಲ್ಲಿ ಅರ್ಧಕ್ಕೇ ನಿಂತಿತು. ಯಾರಿಗೆ ಕೊಡು, ಯಾರಿಂದ ತೆಗೆದು ಕೊಡು, ಎಷ್ಟು ಕೊಡು? ಮಗು ಬದುಕಿತು ಅನ್ನುವ ಸಮಾಧಾನ ಬಂದಾಗಲೆಲ್ಲ ಅವಳಿ ಮಕ್ಕಳ ಕೆಮ್ಮು ಕೇಳುತ್ತಿತ್ತು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಅವನು ಮುದುಕಿಯ ರಾಗಿ ಬೀಸಿಕೊಟ್ಟ. ಅವಳು ಸುಟ್ಟ ರೊಟ್ಟಿಗಳಲ್ಲಿ ಒಂದನ್ನು ಕೇಳಿ ಪಡೆದು ಬಟ್ಟೆಯಲ್ಲಿ ಕಟ್ಟಿಕೊಂಡ. ಒಡತಿ ಬಾಗಿಲಿಗೆ ಬಂದಳು.

“ಬೆಟ್ಟಕ್ಕಾ? ನಿನ್ನೆ ತಪ್ಪಿಹೋಯಿತಲ್ಲ, ನಾಳೆ ಸ್ವಾಮಿ ಎದ್ದು ಬಂದ ಪಾಸ್ಕ ಹಬ್ಬಕ್ಕಾದರೂ ಹೋಗು.”

ಇನ್ನಾಸಪ್ಪ ಬೆಟ್ಟದ ಕಡೆ ನೋಡಿದ. ತುದಿಯ ಶಿಲುಬೆಯ ಮೇಲೆ ಮೊದಲ ಬಿಸಿಲು ಬಿದ್ದಿತ್ತು. ಅದರ ಮೇಲೆ ಒಂದು ಹೂವೂ ಇರಲಿಲ್ಲ.

“ಮತ್ತೆ ನಮ್ಮ ಊರೊಳಗೆ ಹೋಗಿ ಏನು ಮಾಡ್ತೀಯ?” ಎಂದು ಅವಳು ಮತ್ತೆ ಕೇಳಿದಳು, ಅವನ ಕಾಲು ಯಾವ ಕಡೆ ತಿರುಗಿದೆ ಎಂದು ಕಂಡು. “ಆ ಮಾತು ಆಡ್ತೀಯಾ?”

“ಗೊತ್ತಿಲ್ಲಮ್ಮ,” ಅಂದ ಇನ್ನಾಸಪ್ಪ. “ಆ ಅವಳಿ ಮಕ್ಕಳ ಬಾಗಿಲಲ್ಲಿ ಕೂರ್ತೀನಿ.”

ಹೊಳೆ ಇನ್ನೂ ಇಳಿದಿರಲಿಲ್ಲ. ಸೇತುವೆಯ ಕಲ್ಲು ಇಬ್ಬನಿಗೆ ಒದ್ದೆಯಾಗಿತ್ತು. ಅವನು ರೊಟ್ಟಿಯ ಗಂಟನ್ನು ಕಂಕುಳಲ್ಲಿ ಒತ್ತಿಕೊಂಡು, ಕಾಲು ಜಾರದ ಹಾಗೆ ನೋಡಿ ನೋಡಿ ಹೆಜ್ಜೆ ಇಡುತ್ತ, ದಾಟಲು ಶುರುಮಾಡಿದ.